ದಿನಬಳಕೆಗೆ ಮ್ಯೂಸಿಕ್ ಪ್ಲೇಯರ್ ಆರಿಸುವಾಗ ಏನನ್ನು ಪರೀಕ್ಷಿಸಬೇಕು?

ಹಾಡು ಕೇಳುವುದಕ್ಕೆಂದೇ ತಯಾರಾಗುವ ಜೇಬಿನ ಗಾತ್ರದ ಡಿಜಿಟಲ್ ಪ್ಲೇಯರುಗಳ ಕಾಲ ಮುಗಿದೇಹೋಯಿತು ಎಂಬ ಭಾವನೆ ಬಹಳ ಜನರಲ್ಲಿದೆ. 1998ರಲ್ಲಿ ದಕ್ಷಿಣ ಕೊರಿಯಾದ ಸೇಹಾನ್ ಕಂಪನಿ ಎಂಪಿಮ್ಯಾನ್ ಎಂಬ ಪ್ಲೇಯರನ್ನು ಮಾರಾಟಕ್ಕೆ ತಂದಾಗ ಅದರೊಳಗಿದ್ದ ಜಾಗ ಕೇವಲ 32 ಮೆಗಾಬೈಟ್. ಸಾಧಾರಣ ಗುಣಮಟ್ಟದ ಎಂಪಿ3 ಹಾಡುಗಳಾದರೆ ಅರ್ಧ ಗಂಟೆಗೆ ಸಾಕಾಗುವಷ್ಟು. 2001ರ ಅಕ್ಟೋಬರಿನಲ್ಲಿ 5 ಗಿಗಾಬೈಟಿನ ಮೊದಲ ಐಪಾಡ್ ಬಂದು ಈ ಸಾಧನಗಳನ್ನು ಮನೆಮಾತಾಗಿಸಿತು, 2022ರ ಮೇ ತಿಂಗಳಲ್ಲಿ ಆ ಹೆಸರಿನ ಕೊನೆಯ ಸಾಧನದ ತಯಾರಿಕೆಯೂ ನಿಂತಿತು. ಹಾಗೆಂದು ಪ್ಲೇಯರುಗಳೇ ಇಲ್ಲವಾಗಲಿಲ್ಲ. ಸೋನಿ ಇಂದಿಗೂ ವಾಕ್‌ಮನ್ ಹೆಸರಿನಲ್ಲಿ ಡಿಜಿಟಲ್ ಪ್ಲೇಯರುಗಳನ್ನು ಮಾರುತ್ತಿದೆ. ಚೀನಾದ ಫಿಯೋ ಮತ್ತು ಹೈಬಿ, ಕೊರಿಯಾದ ಆಸ್ಟೆಲ್ ಆ್ಯಂಡ್ ಕರ್ನ್ ಮೊದಲಾದ ಕಂಪನಿಗಳ ಮಾದರಿಗಳು ಕೆಲವೇ ಸಾವಿರ ರೂಪಾಯಿಗಳಿಂದ ಹಿಡಿದು ಲಕ್ಷದಾಚೆಗಿನ ಬೆಲೆಯವರೆಗೂ ಸಿಗುತ್ತವೆ.

ಬೆಲೆಯ ಈ ಅಂತರವೇ ಕೊಳ್ಳುವವರನ್ನು ಗೊಂದಲಕ್ಕೆ ತಳ್ಳುತ್ತದೆ. ಹೆಚ್ಚು ಹಣ ಕೊಟ್ಟರೆ ಹೆಚ್ಚು ಚೆನ್ನಾಗಿ ಕೇಳಿಸುತ್ತದೆ ಎಂಬ ನಂಬಿಕೆ ಒಂದು ಮಿತಿಯವರೆಗೆ ಮಾತ್ರ ನಿಜ, ಮತ್ತು ಆ ಮಿತಿ ನಾವು ಅಂದುಕೊಂಡಿರುವುದಕ್ಕಿಂತ ಬಹಳ ಬೇಗ ಬರುತ್ತದೆ. ಅದರಾಚೆಗೆ ಒಂದು ಪ್ಲೇಯರ್ ದಿನನಿತ್ಯದ ಬಳಕೆಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುವ ಅಂಕಿಗಳಲ್ಲ. ಬಹುಪಾಲು ಜಾಹೀರಾತುಗಳಲ್ಲಿ ಪ್ರಸ್ತಾಪಕ್ಕೇ ಬಾರದ ಸಂಗತಿಗಳು.

ಮೊದಲಿಗೆ, ಪ್ರತ್ಯೇಕ ಪ್ಲೇಯರ್ ಬೇಕೇ ಎಂಬ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. 2016ರಲ್ಲಿ ಐಫೋನ್ 7 ಹೆಡ್‌ಫೋನ್ ಜಾಕ್ ಇಲ್ಲದೆ ಬಂದ ಮೇಲೆ ಅದೇ ದಾರಿಯನ್ನು ಬಹಳಷ್ಟು ಫೋನುಗಳು ಹಿಡಿದವು. ತಂತಿಯ ಇಯರ್‌ಫೋನನ್ನು ಫೋನಿಗೆ ಜೋಡಿಸುವುದಷ್ಟೇ ನಿಮ್ಮ ತೊಂದರೆಯಾಗಿದ್ದರೆ, ಯುಎಸ್‌ಬಿ ಕಿಂಡಿಗೆ ಚುಚ್ಚುವ ಬೆರಳುದ್ದದ ಒಂದು ಅಡಾಪ್ಟರ್ ಸಾಕು. ಅಗ್ಗದ ಅಡಾಪ್ಟರುಗಳಲ್ಲಿಯೂ ಈಗ ಉತ್ತಮ ಗುಣಮಟ್ಟದವು ಇವೆ. ಸಂಗೀತವನ್ನೆಲ್ಲ ಇಂಟರ್ನೆಟ್ ಮೂಲಕವೇ ಕೇಳುವವರಿಗೂ ಪ್ರತ್ಯೇಕ ಸಾಧನದಿಂದ ಆಗುವ ಲಾಭ ಕಡಿಮೆ. ಆದರೆ ಸ್ವಂತ ಸಂಗ್ರಹ ಇಟ್ಟುಕೊಂಡವರು, ಫೋನಿನ ಕರೆ ಮತ್ತು ಸಂದೇಶಗಳ ಕಾಟವಿಲ್ಲದೆ ಕೇಳಬೇಕೆನ್ನುವವರು, ಸಿಗ್ನಲ್ ಸಿಗದ ಮಲೆನಾಡಿನ ಹಾದಿಯಲ್ಲಿ ಓಡಾಡುವವರು, ಮಕ್ಕಳ ಕೈಗೆ ಫೋನ್ ಕೊಡದೆ ಸಂಗೀತ ಮಾತ್ರ ಕೊಡಬೇಕೆನ್ನುವ ತಂದೆತಾಯಿಯರು, ಪಾಠದ ಧ್ವನಿಮುದ್ರಣವನ್ನು ಮತ್ತೆ ಮತ್ತೆ ಕೇಳಿ ಅಭ್ಯಾಸ ಮಾಡುವ ಸಂಗೀತ ವಿದ್ಯಾರ್ಥಿಗಳು, ಇವರಿಗೆಲ್ಲ ಇಂಥ ಸಾಧನ ನಿಜಕ್ಕೂ ಉಪಕಾರಿ.

ಈಗ ಅಂಕಿಗಳ ವಿಷಯ. ಡಿಜಿಟಲ್ ಕಡತದಲ್ಲಿರುವುದು ಧ್ವನಿತರಂಗದ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಬರೆದಿಟ್ಟ ಸಂಖ್ಯೆಗಳ ಸಾಲು. ಆ ಸಂಖ್ಯೆಗಳನ್ನು ಮತ್ತೆ ವಿದ್ಯುತ್ ತರಂಗವಾಗಿ ಮಾರ್ಪಡಿಸುವ ಚಿಪ್ಪಿಗೆ ಡ್ಯಾಕ್ ಎನ್ನುತ್ತಾರೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಅಳತೆಗಳು, ಪ್ರತಿ ಅಳತೆಗೆ 16 ಬಿಟ್ ಇರುತ್ತವೆ. ಅಳತೆಯ ದರದ ಅರ್ಧದಷ್ಟು ಆವರ್ತನದವರೆಗಿನ ಧ್ವನಿಯನ್ನು ಯಾವ ಕೊರತೆಯೂ ಇಲ್ಲದೆ ಮರಳಿ ಪಡೆಯಬಹುದೆಂಬುದು ಗಣಿತದಿಂದ ಸಿದ್ಧವಾದ ಮಾತು; ಹಾಗಾಗಿ ಸಿ.ಡಿ. ಸುಮಾರು 22 ಕಿಲೋಹರ್ಟ್ಸ್‌ವರೆಗಿನ ಧ್ವನಿಯನ್ನು ಹಿಡಿದಿಡಬಲ್ಲದು. ಮನುಷ್ಯನ ಕಿವಿಯ ಮೇಲ್ಮಿತಿ ಹೆಚ್ಚೆಂದರೆ 20 ಕಿಲೋಹರ್ಟ್ಸ್, ವಯಸ್ಸಾದಂತೆ ಅದೂ ಇಳಿಯುತ್ತ ಹೋಗುತ್ತದೆ. 16 ಬಿಟ್ಟುಗಳು ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರವನ್ನು ಕೊಡುತ್ತವೆ, ಮನೆಯಲ್ಲಾಗಲಿ ಬಸ್ಸಿನಲ್ಲಾಗಲಿ ಕೇಳುವ ಸಂಗೀತಕ್ಕೆ ಅಷ್ಟು ಧಾರಾಳವಾಯಿತು. 24 ಬಿಟ್, 96 ಕಿಲೋಹರ್ಟ್ಸ್ ಕಡತಗಳು ಧ್ವನಿಮುದ್ರಣ ಮತ್ತು ಸಂಕಲನದ ಹಂತದಲ್ಲಿ ಬಹಳ ಪ್ರಯೋಜನಕ್ಕೆ ಬರುತ್ತವೆ. ಕೇಳುವ ಹಂತದಲ್ಲಿ ಅವು ತುಂಬಿಸುವುದು ಮುಖ್ಯವಾಗಿ ಮೆಮೊರಿ ಕಾರ್ಡನ್ನು. ಆದ್ದರಿಂದ ಪ್ಲೇಯರ್ 384 ಅಥವಾ 768 ಕಿಲೋಹರ್ಟ್ಸ್ ಕಡತಗಳನ್ನೂ ನುಡಿಸುತ್ತದೆ ಎಂಬ ಘೋಷಣೆಗೆ ಹೆಚ್ಚಿನ ಬೆಲೆ ತೆರುವ ಅಗತ್ಯವನ್ನು ನಾನು ಕಾಣೆ. ಡ್ಯಾಕ್ ಚಿಪ್ಪಿನ ಹೆಸರಿಗೂ ಇದೇ ಮಾತು ಅನ್ವಯಿಸುತ್ತದೆ. ಒಂದೇ ಚಿಪ್ಪನ್ನು ಬಳಸಿದ ಎರಡು ಸಾಧನಗಳು ಅದರ ಸುತ್ತಲಿನ ವಿದ್ಯುತ್ ಪೂರೈಕೆ ಮತ್ತು ಆಂಪ್ಲಿಫೈಯರ್ ವಿನ್ಯಾಸಕ್ಕೆ ತಕ್ಕಂತೆ ಬೇರೆ ಬೇರೆಯಾಗಿ ವರ್ತಿಸುತ್ತವೆ.

ಕಿವಿಗೆ ನಿಜವಾಗಿ ತಿಳಿಯುವ ವ್ಯತ್ಯಾಸ ಹುಟ್ಟುವುದು ಪ್ಲೇಯರ್ ಮತ್ತು ಇಯರ್‌ಫೋನ್ ಒಂದಕ್ಕೊಂದು ಕೂಡಿಕೊಳ್ಳುವ ಜಾಗದಲ್ಲಿ. ಇಲ್ಲಿ ಮೂರು ಸಂಗತಿಗಳಿವೆ, ಅವುಗಳಲ್ಲಿ ಜಾಹೀರಾತು ಹೇಳುವುದು ಶಕ್ತಿಯೊಂದನ್ನೇ. ಇಯರ್‌ಫೋನಿನ ವಿವರಪಟ್ಟಿಯಲ್ಲಿ ಅದರ ಸೂಕ್ಷ್ಮತೆ 1 ಮಿಲಿವಾಟ್‌ಗೆ 100 ಡೆಸಿಬಲ್ ಎಂದು ಬರೆದಿದೆ ಎಂದುಕೊಳ್ಳೋಣ. ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಾಗಲೆಲ್ಲ ಧ್ವನಿಮಟ್ಟ 10 ಡೆಸಿಬಲ್ ಇಳಿಯುತ್ತದೆ, ಆದ್ದರಿಂದ 80 ಡೆಸಿಬಲ್‌ನಲ್ಲಿ ಹಾಡು ಕೇಳಲು ಈ ಇಯರ್‌ಫೋನಿಗೆ ಬೇಕಾಗುವುದು ಒಂದು ಮಿಲಿವಾಟಿನ ನೂರನೇ ಒಂದು ಭಾಗ. ಮೃದಂಗದ ಪೆಟ್ಟಿನಂಥ ಕ್ಷಣಿಕ ಏರಿಕೆಗಳಿಗೆಂದು 20 ಡೆಸಿಬಲ್ ಹೆಚ್ಚುವರಿ ಅವಕಾಶ ಇಟ್ಟುಕೊಂಡರೂ ಒಂದು ಮಿಲಿವಾಟ್ ದಾಟುವುದಿಲ್ಲ. ಅಂಥ ಇಯರ್‌ಫೋನ್ ಬಳಸುವವರಿಗೆ 500 ಮಿಲಿವಾಟಿನ ಪ್ಲೇಯರಿನಿಂದ ಆಗುವ ಲಾಭವೇನೂ ಇಲ್ಲ. 300 ಓಮ್‌ನಂಥ ಹೆಚ್ಚಿನ ಪ್ರತಿರೋಧದ ದೊಡ್ಡ ಹೆಡ್‌ಫೋನುಗಳಿಗೆ ಮಾತ್ರ ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ. ಅವನ್ನು ಬಳಸುವವರು ಎರಡು ಕಿವಿಗಳಿಗೂ ಪ್ರತ್ಯೇಕ ತಂತಿಜೋಡಿಯಲ್ಲಿ ಹೆಚ್ಚು ವೋಲ್ಟೇಜ್ ಕೊಡುವ 4.4 ಮಿಲಿಮೀಟರ್ ಬ್ಯಾಲೆನ್ಸ್ಡ್ ಜಾಕ್ ಇರುವ ಮಾದರಿಗಳ ಕಡೆ ನೋಡುವುದು ನ್ಯಾಯ.

ಎರಡನೆಯದು ಪ್ಲೇಯರಿನ ಹೊರಹರಿವಿನ ಪ್ರತಿರೋಧ. ಇದನ್ನು ಅನೇಕ ಕಂಪನಿಗಳು ಪ್ರಕಟಿಸುವುದೇ ಇಲ್ಲ, ಆದರೆ ಸ್ವರದ ಬಣ್ಣವನ್ನೇ ಬದಲಿಸುವ ಶಕ್ತಿ ಇರುವುದು ಇದಕ್ಕೆ. ಕಿವಿಯೊಳಗೆ ಕೂರುವ ಕೆಲವು ಇಯರ್‌ಫೋನುಗಳ ಪ್ರತಿರೋಧ ಎಲ್ಲ ಆವರ್ತನಗಳಲ್ಲಿಯೂ ಒಂದೇ ಸಮನಾಗಿರುವುದಿಲ್ಲ. ಮಂದ್ರದಲ್ಲಿ 32 ಓಮ್ ಇದ್ದದ್ದು ತಾರದ ಕಡೆ 8 ಓಮ್‌ಗೆ ಇಳಿಯುವ ಒಂದು ಇಯರ್‌ಫೋನನ್ನು ತೆಗೆದುಕೊಳ್ಳೋಣ. ಪ್ಲೇಯರಿನ ಪ್ರತಿರೋಧ 10 ಓಮ್ ಇದ್ದರೆ ಆ ಎರಡು ಭಾಗಗಳ ನಡುವೆ ಸುಮಾರು 4.7 ಡೆಸಿಬಲ್ ಏರುಪೇರು ಉಂಟಾಗುತ್ತದೆ, ತಾರಸ್ವರಗಳು ಮಂಕಾಗಿ ಕೇಳುತ್ತವೆ. ಪ್ಲೇಯರಿನ ಪ್ರತಿರೋಧ 1 ಓಮ್ ಇದ್ದರೆ ಅದೇ ಏರುಪೇರು ಒಂದು ಡೆಸಿಬಲ್‌ಗಿಂತಲೂ ಕಡಿಮೆ. ಇಯರ್‌ಫೋನಿನ ಪ್ರತಿರೋಧದ ಎಂಟನೇ ಒಂದು ಭಾಗವನ್ನು ಪ್ಲೇಯರಿನ ಪ್ರತಿರೋಧ ಮೀರಬಾರದು ಎಂಬುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಸೂತ್ರ. ದುಬಾರಿ ಪ್ಲೇಯರಿಗೆ ಜೋಡಿಸಿದಾಗ ತನ್ನ ಇಯರ್‌ಫೋನ್ ಬೇರೆಯದೇ ಎನ್ನುವಂತೆ ಕೇಳಿಸಿತು ಎಂದು ಯಾರಾದರೂ ಹೇಳಿದರೆ, ಹಲವು ಸಲ ಅದರ ಹಿಂದಿರುವುದು ಈ ಲೆಕ್ಕವೇ ಹೊರತು ಚಿಪ್ಪಿನ ಮಹಿಮೆಯಲ್ಲ.

ಮೂರನೆಯದು ಹಿನ್ನೆಲೆಯ ಸದ್ದು. ಸೂಕ್ಷ್ಮವಾದ ಇಯರ್‌ಫೋನ್ ಹಾಕಿಕೊಂಡು, ಹಾಡು ನಿಲ್ಲಿಸಿದ ಸ್ಥಿತಿಯಲ್ಲಿ ಸುಯ್ ಎಂಬ ಸಣ್ಣ ಗಾಳಿಸದ್ದು ಕೇಳುತ್ತದೆಯೇ ಎಂದು ನಿಶ್ಶಬ್ದವಾದ ಕೋಣೆಯಲ್ಲಿ ಪರೀಕ್ಷಿಸಬೇಕು. ನಮ್ಮ ಸಂಗೀತವನ್ನು ಕೇಳುವವರ ಬಳಿ ಇದಕ್ಕೆ ಬಹಳ ಒಳ್ಳೆಯ ಒರೆಗಲ್ಲೊಂದಿದೆ. ಗಾಯನ ಆರಂಭವಾಗುವ ಮೊದಲು ಕೆಲವು ಕ್ಷಣ ತಂಬೂರಿ ಮಾತ್ರ ನುಡಿಯುವ, ಸ್ವಚ್ಛವಾಗಿ ಮುದ್ರಿತವಾದ ಕಛೇರಿಯೊಂದನ್ನು ಆರಿಸಿಕೊಳ್ಳಿ. ವಾಲ್ಯೂಮನ್ನು ರಾತ್ರಿ ಮಲಗುವ ಮುನ್ನ ಕೇಳುವಷ್ಟು ತಗ್ಗಿಸಿ, ತಂತಿ ಮೀಟಿದ ಮೇಲೆ ಜೀವಾಳದ ಆ ಝೇಂಕಾರ ಹರಡಿಕೊಂಡು ನಿಧಾನವಾಗಿ ಕರಗುವ ತುದಿಯನ್ನು ಗಮನಿಸಿ. ಒಳ್ಳೆಯ ಪ್ಲೇಯರಿನಲ್ಲಿ ಅದು ಮುಂದಿನ ಮೀಟಿನ ತನಕ ಬಿಡಿಯಾಗಿ ಕೇಳುತ್ತಲೇ ಇರುತ್ತದೆ, ಸದ್ದಿರುವ ಪ್ಲೇಯರಿನಲ್ಲಿ ನಡುವೆಯೇ ಗಾಳಿಸದ್ದಿನೊಳಗೆ ಮುಳುಗಿಹೋಗುತ್ತದೆ. ಇದೇ ಹೊತ್ತಿನಲ್ಲಿ ವಾಲ್ಯೂಮ್ ಒಂದೊಂದೇ ಮೆಟ್ಟಿಲು ಏರಿಸಿ ನೋಡಿ. ಒಂದು ಒತ್ತಿಗೆ ಕೇಳಿಯೂ ಕೇಳದಂತಿದ್ದದ್ದು ಮುಂದಿನ ಒತ್ತಿಗೆ ಜೋರಾಗುವಂತಿದ್ದರೆ, ಆ ಸಾಧನ ರಾತ್ರಿಯ ಕೇಳ್ಮೆಗೆ ಒದಗುವುದಿಲ್ಲ.

ಎರಡು ಪ್ಲೇಯರುಗಳನ್ನು ಹೋಲಿಸುವಾಗ ಧ್ವನಿಮಟ್ಟವನ್ನು ಸಮ ಮಾಡಿಕೊಳ್ಳುವುದು ಅತ್ಯಗತ್ಯ. ಎರಡರಲ್ಲಿ ತುಸು ಜೋರಾಗಿರುವುದು ಹೆಚ್ಚು ಸ್ಪಷ್ಟವಾಗಿದೆ, ಹೆಚ್ಚು ತುಂಬಿಕೊಂಡಿದೆ ಎಂದು ಕಿವಿಗೆ ಅನ್ನಿಸುತ್ತದೆ. ಜೋರಾಗಿರುವುದೇ ಅದಕ್ಕೆ ಕಾರಣ ಎಂಬುದು ಮಾತ್ರ ಹೊಳೆಯುವುದಿಲ್ಲ. ಪ್ರಯೋಗಾಲಯಗಳಲ್ಲಿ ವೋಲ್ಟ್‌ಮೀಟರ್ ಇಟ್ಟು 0.1 ಡೆಸಿಬಲ್ ಒಳಗೆ ಸರಿಹೊಂದಿಸಿಕೊಳ್ಳುವುದು ಈ ಕಾರಣಕ್ಕೆ. ಮನೆಯಲ್ಲಿ ಅಷ್ಟು ನಿಖರತೆ ಸಾಧ್ಯವಾಗದಿದ್ದರೂ, ಒಂದೇ ಕಡತವನ್ನು ಎರಡರಲ್ಲೂ ಸಾಧ್ಯವಾದಷ್ಟು ಸಮಮಟ್ಟದಲ್ಲಿಟ್ಟು, ಯಾವುದು ನುಡಿಯುತ್ತಿದೆ ಎಂದು ತಿಳಿಯದಂತೆ ಮನೆಯವರೊಬ್ಬರಿಂದ ಬದಲಾಯಿಸಿಸಿಕೊಂಡು ಕೇಳಬಹುದು. ಅಂಗಡಿಯಲ್ಲಿ ಕೇಳಿದಾಗ ಅಗಾಧವೆನಿಸಿದ ಅಂತರಗಳು ಈ ವಿಧಾನದಲ್ಲಿ ಬಹುಮಟ್ಟಿಗೆ ಕರಗಿಹೋಗುತ್ತವೆ.

ಬ್ಲೂಟೂತ್ ಇಯರ್‌ಬಡ್‌ಗಳನ್ನೇ ಬಳಸುವವರಿಗೆ ಮೇಲಿನ ಚರ್ಚೆಯ ದೊಡ್ಡ ಭಾಗ ಸಂಬಂಧಿಸುವುದೇ ಇಲ್ಲ, ಏಕೆಂದರೆ ಆಗ ಸಂಖ್ಯೆಗಳು ಧ್ವನಿಯಾಗುವುದು ಇಯರ್‌ಬಡ್‌ನೊಳಗಿನ ಚಿಪ್ಪಿನಲ್ಲಿ. ಪ್ಲೇಯರಿನ ದುಬಾರಿ ಡ್ಯಾಕ್ ಕೆಲಸವಿಲ್ಲದೆ ಕುಳಿತಿರುತ್ತದೆ. ಅಲ್ಲಿ ನೋಡಬೇಕಾದದ್ದು ಎರಡೂ ಸಾಧನಗಳಿಗೆ ಸಮಾನವಾಗಿ ಗೊತ್ತಿರುವ ಕೋಡೆಕ್ (ಧ್ವನಿಯನ್ನು ಅಡಕಗೊಳಿಸಿ ಕಳಿಸುವ ಕ್ರಮ) ಯಾವುದು ಎಂಬುದನ್ನು. ಎಲ್ಲ ಸಾಧನಗಳಲ್ಲಿ ಕಡ್ಡಾಯವಾಗಿರುವ ಎಸ್‌ಬಿಸಿ ಸಾಮಾನ್ಯವಾಗಿ ಸೆಕೆಂಡಿಗೆ 328 ಕಿಲೋಬಿಟ್‌ವರೆಗೆ ಸಾಗಿಸುತ್ತದೆ. ಸೋನಿಯ ಎಲ್‌ಡ್ಯಾಕ್ ಸನ್ನಿವೇಶಕ್ಕೆ ತಕ್ಕಂತೆ 330, 660 ಅಥವಾ 990 ಕಿಲೋಬಿಟ್ ಸಾಗಿಸುತ್ತದೆ. ಪ್ಲೇಯರಿನಲ್ಲಿ ಎಲ್‌ಡ್ಯಾಕ್ ಇದ್ದು ಇಯರ್‌ಬಡ್‌ನಲ್ಲಿ ಇಲ್ಲದಿದ್ದರೆ ಫಲವಿಲ್ಲ.

ಇನ್ನು ತಂತ್ರಾಂಶ. ದಿನಬಳಕೆಯ ಸುಖದುಃಖಗಳನ್ನು ನಿರ್ಧರಿಸುವುದು ಹೆಚ್ಚಾಗಿ ಇದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲು ನೋಡಬೇಕಾದದ್ದು ಒಂದು ಕಡತದಿಂದ ಮುಂದಿನದಕ್ಕೆ ಅಂತರವಿಲ್ಲದೆ ಹರಿಯುವ ಗುಣವನ್ನು. ಸಿನಿಮಾ ಹಾಡುಗಳ ನಡುವೆ ಅರೆಕ್ಷಣದ ಮೌನ ಬಂದರೆ ಯಾರಿಗೂ ಬೇಸರವಾಗುವುದಿಲ್ಲ. ಆದರೆ ರಾಗ, ತಾನ, ಪಲ್ಲವಿಗಳನ್ನು ಬೇರೆ ಬೇರೆ ಟ್ರ್ಯಾಕುಗಳಾಗಿ ಕತ್ತರಿಸಿದ ಕಛೇರಿಯಲ್ಲಿ, ಆಲಾಪದಿಂದ ಲಯ ಸೇರುವ ಜೋಡ್ ಭಾಗಕ್ಕೆ ಸಾಗುವ ಸಿತಾರ್ ವಾದನದಲ್ಲಿ, ಶ್ರುತಿ ಎಡೆಬಿಡದೆ ನುಡಿಯುತ್ತಿರುವಾಗಲೇ ಟ್ರ್ಯಾಕ್ ಬದಲಾಗುತ್ತದೆ, ಆ ಜಾಗದಲ್ಲಿ ಒಂದು ಕಡಿತ ಬಂದರೆ ಕಟ್ಟಿದ ಭಾವವೇ ಒಡೆದುಹೋಗುತ್ತದೆ. ಎಂಪಿ3 ಕ್ರಮ ಧ್ವನಿಯನ್ನು 1,152 ಅಳತೆಗಳ ತುಂಡುಗಳಾಗಿ, ಅಂದರೆ ಸಿ.ಡಿ. ದರದಲ್ಲಿ ಸುಮಾರು 26 ಮಿಲಿಸೆಕೆಂಡಿನ ತುಂಡುಗಳಾಗಿ ಅಡಕಗೊಳಿಸುವುದರಿಂದ ಕಡತದ ಆದಿಯಲ್ಲಿಯೂ ಅಂತ್ಯದಲ್ಲಿಯೂ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಅದನ್ನು ಗುರುತಿಸಿ ಬಿಟ್ಟುಬಿಡುವ ಜಾಣತನ ಪ್ಲೇಯರಿಗಿರಬೇಕು. ಧ್ವನಿಯಲ್ಲಿ ಏನನ್ನೂ ಕಳೆಯದೆ ಅಡಕಗೊಳಿಸುವ ಫ್ಲ್ಯಾಕ್ ಕಡತಗಳಲ್ಲಿ ಈ ಮೌನ ಇರುವುದಿಲ್ಲವಾದರೂ, ಮುಂದಿನ ಕಡತವನ್ನು ಸಮಯಕ್ಕೆ ಸರಿಯಾಗಿ ತೆರೆಯದ ಪ್ಲೇಯರ್ ಅಲ್ಲಿಯೂ ಎಡವುತ್ತದೆ.

ನಿಲ್ಲಿಸಿದ ಜಾಗವನ್ನು ನೆನಪಿಟ್ಟುಕೊಳ್ಳುವ ಗುಣವೂ ಇಷ್ಟೇ ಮುಖ್ಯ. ಕರಾವಳಿಯ ತಾಳಮದ್ದಳೆಯ ಧ್ವನಿಮುದ್ರಣವೊಂದು ಮೂರು ನಾಲ್ಕು ಗಂಟೆಗಳ ಒಂದೇ ಕಡತವಾಗಿರುವುದುಂಟು; ಗಮಕ ವಾಚನ, ಹರಿಕಥೆ, ಉಪನ್ಯಾಸಗಳದ್ದೂ ಇದೇ ಸ್ಥಿತಿ. ಅರ್ಥಧಾರಿಗಳ ವಾದ ಬಿಸಿಯೇರಿರುವ ಹೊತ್ತಿಗೆ ಬಸ್ ನಿಲ್ದಾಣ ಬಂದು ಪ್ಲೇಯರ್ ಆರಿಸಿದವರು ಸಂಜೆ ಮತ್ತೆ ಒತ್ತಿದಾಗ ಅದು ಮತ್ತೆ ಮೊದಲಿನಿಂದ ಆರಂಭವಾಗಬಾರದು. ಪರೀಕ್ಷೆ ಸುಲಭ: ದೊಡ್ಡ ಕಡತವೊಂದನ್ನು ನಡುವೆ ನಿಲ್ಲಿಸಿ, ಇನ್ನೊಂದು ಹಾಡು ಕೇಳಿ, ಸಾಧನವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ, ಮೊದಲಿನ ಕಡತಕ್ಕೆ ಮರಳಬೇಕು. ಜೊತೆಗೆ, ಎರಡು ಗಂಟೆಯಷ್ಟು ಮುಂದಕ್ಕೆ ಓಡಿಸಿ ಬೇಕಾದ ಜಾಗಕ್ಕೆ ತಲುಪಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೂ ನೋಡಬೇಕು.

ಕನ್ನಡ ಓದುಗರಿಗೆ ಮುಖ್ಯವಾದ, ವಿದೇಶಿ ವಿಮರ್ಶೆಗಳಲ್ಲಿ ಸಿಗದ ವಿಷಯವೆಂದರೆ ಲಿಪಿ. ಆಂಡ್ರಾಯ್ಡ್ ಆಧಾರಿತ ಪ್ಲೇಯರುಗಳಲ್ಲಿ ಕನ್ನಡ ಸರಿಯಾಗಿಯೇ ಮೂಡುತ್ತದೆ. ಸ್ವಂತದ ಪುಟ್ಟ ತಂತ್ರಾಂಶದಲ್ಲಿ ನಡೆಯುವ ಅಗ್ಗದ ಸಾಧನಗಳಲ್ಲಿ ಕೆಲವು ಕನ್ನಡದ ಬದಲು ಖಾಲಿ ಚೌಕಗಳನ್ನು ತೋರಿಸುತ್ತವೆ. ಇನ್ನು ಕೆಲವಕ್ಕೆ ಅಕ್ಷರಗಳು ಗೊತ್ತು, ಅವನ್ನು ಕೂಡಿಸುವುದು ಗೊತ್ತಿಲ್ಲ. ‘ಶ್ರೀರಾಗ’ ಎಂಬ ಹೆಸರಿನಲ್ಲಿ ಶಕಾರ, ಅದರ ಪಕ್ಕಕ್ಕೆ ಒಂಟಿಯಾಗಿ ನಿಂತ ಅರ್ಧಾಕ್ಷರದ ಚಿಹ್ನೆ, ಆಮೇಲೆ ರಕಾರ, ಕೊನೆಗೆ ಎಲ್ಲಿಗೂ ಅಂಟದ ದೀರ್ಘ ಹೀಗೆ ಚೆದುರಿ ಕಾಣುತ್ತದೆ. ಹಾಡಿನ ವಿವರ ಬರೆದಿಡುವ ಟ್ಯಾಗಿನ ಹಳೆಯ ಕ್ರಮದಲ್ಲಿ ಶೀರ್ಷಿಕೆಗೆ ದೊರೆಯುವ ಜಾಗ 30 ಬೈಟ್ ಮಾತ್ರ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆ 3 ಬೈಟ್ ತೆಗೆದುಕೊಳ್ಳುವುದರಿಂದ ‘ಮಧ್ಯಮಾವತಿ’ ಎಂಬ ಒಂದೇ ಪದಕ್ಕೆ 27 ಬೈಟ್ ಖರ್ಚಾಗುತ್ತದೆ. ಅದರ ಮುಂದೆ ಗಾಯಕರ ಹೆಸರಿರಲಿ, ‘ರಾಗ’ ಎಂದು ಬರೆಯಲೂ ಜಾಗ ಉಳಿಯುವುದಿಲ್ಲ. ಯೂನಿಕೋಡ್ ಬರುವ ಮೊದಲು ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಟ್ಯಾಗುಗಳಂತೂ ಯಾವ ಪ್ಲೇಯರಿನಲ್ಲಿಯೂ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ, ಅವನ್ನು ಕಂಪ್ಯೂಟರಿನಲ್ಲಿ ಪರಿವರ್ತಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಕೊಳ್ಳುವ ಮೊದಲು ಒತ್ತಕ್ಷರಗಳಿಂದ ತುಂಬಿದ ಕೆಲವು ಕನ್ನಡ ಹೆಸರುಗಳ ಕಡತಗಳನ್ನು ಕಾರ್ಡಿನಲ್ಲಿ ಹಾಕಿಕೊಂಡು ಹೋಗಿ ಅಂಗಡಿಯಲ್ಲೇ ನೋಡುವುದು ಉತ್ತಮ. ಟ್ಯಾಗುಗಳನ್ನು ಲೆಕ್ಕಿಸದೆ ಫೋಲ್ಡರುಗಳ ಪ್ರಕಾರ ಹಾಡು ಹುಡುಕುವ ಸೌಲಭ್ಯವೂ ಇರಲೇಬೇಕು, ಏಕೆಂದರೆ ಮೊಬೈಲ್ ಅಂಗಡಿಯಲ್ಲಿ ಹಾಕಿಸಿಕೊಂಡ ಹಾಡುಗಳಲ್ಲಿ ಬಹುತೇಕಕ್ಕೆ ಸರಿಯಾದ ಟ್ಯಾಗ್ ಇರುವುದಿಲ್ಲ.

ಜಾಗದ ಲೆಕ್ಕ ಸರಳ. ಸಿ.ಡಿ. ಗುಣಮಟ್ಟದ ಫ್ಲ್ಯಾಕ್ ಕಡತ ಗಂಟೆಗೆ ಸುಮಾರು 350 ಮೆಗಾಬೈಟ್, 320 ಕಿಲೋಬಿಟ್ ಎಂಪಿ3 ಗಂಟೆಗೆ 144 ಮೆಗಾಬೈಟ್ ಹಿಡಿಯುತ್ತವೆ. 128 ಗಿಗಾಬೈಟಿನ ಒಂದು ಕಾರ್ಡಿನಲ್ಲಿ ಹೆಚ್ಚುಕಡಿಮೆ 350 ಗಂಟೆ ಫ್ಲ್ಯಾಕ್ ಅಥವಾ 850 ಗಂಟೆಗೂ ಮಿಕ್ಕಿದ ಎಂಪಿ3 ಕೂರುತ್ತದೆ. 64 ಗಿಗಾಬೈಟ್ ಮತ್ತು ಅದಕ್ಕಿಂತ ದೊಡ್ಡ ಕಾರ್ಡುಗಳು ಕಡತಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಕ್ರಮದಲ್ಲಿ ಬರುತ್ತವೆ, ಕೆಲವು ಅಗ್ಗದ ಪ್ಲೇಯರುಗಳಿಗೆ ಅದನ್ನು ಓದಲು ಬರುವುದಿಲ್ಲ. ಸಂಗ್ರಹ ದೊಡ್ಡದಾದಾಗ ಕಾರ್ಡ್ ಬದಲಿಸಿದ ಪ್ರತಿ ಸಲವೂ ಪಟ್ಟಿ ಸಿದ್ಧಪಡಿಸಲು ಪ್ಲೇಯರ್ ಎಷ್ಟು ಹೊತ್ತು ಕಾಯಿಸುತ್ತದೆ ಎಂಬುದೂ ಗಮನಿಸತಕ್ಕದ್ದು. ಅತಿ ಕಡಿಮೆ ಬೆಲೆಗೆ ಸಿಗುವ ಕಾರ್ಡುಗಳಲ್ಲಿ ಇಲ್ಲದ ಗಾತ್ರವನ್ನು ಇದೆಯೆಂದು ತೋರಿಸುವ ನಕಲಿಗಳಿರುತ್ತವೆ. ಎಫ್3ಯಂಥ ಉಚಿತ ತಂತ್ರಾಂಶದಿಂದ ಒಮ್ಮೆ ಪೂರ್ತಿ ಬರೆದು ಓದಿ ನೋಡಿದ ಮೇಲಷ್ಟೇ ಸಂಗ್ರಹವನ್ನು ಅದಕ್ಕೆ ಒಪ್ಪಿಸಬೇಕು.

ಬ್ಯಾಟರಿಯ ಬಗ್ಗೆ ಕಂಪನಿಗಳು ಹೇಳುವ ಗಂಟೆಗಳು ಸಾಮಾನ್ಯವಾಗಿ ಪರದೆ ಆರಿಸಿ, ಕಡಿಮೆ ವಾಲ್ಯೂಮಿನಲ್ಲಿ, ತಂತಿಯ ಇಯರ್‌ಫೋನ್ ಬಳಸಿ, ಹಗುರ ಕಡತಗಳನ್ನು ನುಡಿಸಿ ಪಡೆದವು. ವೈಫೈ, ಬ್ಲೂಟೂತ್, ಬ್ಯಾಲೆನ್ಸ್ಡ್ ಜಾಕ್, ಹೆಚ್ಚಿನ ದರದ ಕಡತ ಇವುಗಳಲ್ಲಿ ಪ್ರತಿಯೊಂದೂ ಆ ಗಂಟೆಗಳನ್ನು ಕುಗ್ಗಿಸುತ್ತದೆ. ಸುಮ್ಮನೆ ಇಟ್ಟ ಪ್ಲೇಯರ್ ರಾತ್ರಿ ಕಳೆಯುವುದರೊಳಗೆ ಎಷ್ಟು ಚಾರ್ಜ್ ಕಳೆದುಕೊಳ್ಳುತ್ತದೆ ಎಂಬುದು ನನಗೆ ಇನ್ನೂ ಮುಖ್ಯವೆನಿಸುತ್ತದೆ; ಬೇಕೆನಿಸಿದಾಗ ಕೈಗೆತ್ತಿಕೊಂಡರೆ ಹಾಡಬೇಕಾದ ಸಾಧನ ಪ್ರತಿ ಸಲವೂ ಸತ್ತು ಬಿದ್ದಿದ್ದರೆ ಅದರ ಬಳಕೆಯೇ ನಿಂತುಹೋಗುತ್ತದೆ. ಲಿಥಿಯಂ ಅಯಾನ್ ಬ್ಯಾಟರಿ ಕೆಲವು ನೂರು ಸಲ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ತನ್ನ ಸಾಮರ್ಥ್ಯದ ಐದನೇ ಒಂದು ಭಾಗದಷ್ಟನ್ನು ಕಳೆದುಕೊಳ್ಳುವುದು ಸಹಜ. ಆದ್ದರಿಂದ ಬ್ಯಾಟರಿ ಬದಲಿಸಿಕೊಡುವ ಸೇವಾಕೇಂದ್ರ ನಮ್ಮ ದೇಶದಲ್ಲಿದೆಯೇ ಎಂದು ವಿಚಾರಿಸುವುದು ಅಗತ್ಯ.

ಗುಂಡಿಗಳ ವಿಷಯದಲ್ಲಿ ಒಂದೇ ಪರೀಕ್ಷೆ ಸಾಕು. ಪ್ಲೇಯರನ್ನು ಜೇಬಿನಲ್ಲಿಟ್ಟು, ಕಣ್ಣಿನಿಂದ ನೋಡದೆ, ನಿಲ್ಲಿಸಲು, ಮುಂದಿನ ಹಾಡಿಗೆ ಹೋಗಲು, ವಾಲ್ಯೂಮ್ ತಗ್ಗಿಸಲು ಬೆರಳಿಗೆ ಸಾಧ್ಯವಾಗಬೇಕು. ಪರದೆಯನ್ನೇ ಮುಟ್ಟಿ ನಡೆಸಬೇಕಾದ ಸಾಧನ ಕಿಕ್ಕಿರಿದ ಬಸ್ಸಿನಲ್ಲಿ ಸರಳು ಹಿಡಿದು ನಿಂತವರಿಗೆ ಒದಗದು.

ಬಸ್ಸಿನ ಮಾತು ಬಂದದ್ದರಿಂದ ಕಿವಿಯ ಆರೋಗ್ಯವನ್ನೂ ಇಲ್ಲಿಯೇ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ 40 ಗಂಟೆ 80 ಡೆಸಿಬಲ್, ಮಕ್ಕಳಿಗೆ ಅಷ್ಟೇ ಹೊತ್ತು 75 ಡೆಸಿಬಲ್ ಸುರಕ್ಷಿತ ಮಿತಿ. ಪ್ರತಿ 3 ಡೆಸಿಬಲ್ ಏರಿಕೆಗೆ ಧ್ವನಿಶಕ್ತಿ ಇಮ್ಮಡಿಯಾಗುವುದರಿಂದ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ. 89 ಡೆಸಿಬಲ್‌ಗೆ ಬರುವಷ್ಟರಲ್ಲಿ ಉಳಿಯುವುದು ವಾರಕ್ಕೆ 5 ಗಂಟೆ. ಎಂಜಿನ್ ಮತ್ತು ಹಾರ್ನ್ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುವವರು ಈ ಮಿತಿಯನ್ನು ತಮಗರಿವಿಲ್ಲದೆಯೇ ದಾಟುತ್ತಾರೆ. ಹೊರಗಿನ ಸದ್ದನ್ನು ಚೆನ್ನಾಗಿ ತಡೆಯುವ, ಕಿವಿಗೆ ಸರಿಯಾಗಿ ಕೂರುವ ಇಯರ್‌ಫೋನಿಗೆ ಹಣ ಹಾಕಿದರೆ ಸಂಗೀತವೂ ಸ್ಪಷ್ಟವಾಗುತ್ತದೆ, ಕಿವಿಯೂ ಉಳಿಯುತ್ತದೆ; ಒಟ್ಟು ಖರ್ಚಿನ ದೊಡ್ಡ ಪಾಲು ಪ್ಲೇಯರಿಗಿಂತ ಇಯರ್‌ಫೋನಿಗೇ ಹೋಗಬೇಕೆಂದು ನಾನು ಹೇಳುವುದು ಇದರಿಂದಾಗಿ. ವಾಲ್ಯೂಮಿಗೆ ಗರಿಷ್ಠ ಮಿತಿ ಹಾಕಿ ಬೀಗ ಹಾಕುವ ಸೌಲಭ್ಯ ಮಕ್ಕಳಿಗೆ ಕೊಡುವ ಪ್ಲೇಯರಿನಲ್ಲಿ ಇರಲೇಬೇಕು. ಹಾಡಿನಿಂದ ಹಾಡಿಗೆ ಧ್ವನಿಮಟ್ಟವನ್ನು ಸರಿದೂಗಿಸುವ ರಿಪ್ಲೇಗೇನ್ ಇದ್ದರೆ, 78 ಆರ್‌ಪಿಎಂ ತಟ್ಟೆಯಿಂದ ಇಳಿಸಿದ ಮೆಲುದನಿಯ ಗಾಯನದ ಬೆನ್ನಿಗೇ ಇಂದಿನ ಸಿನಿಮಾ ಹಾಡು ಕಿವಿಗೆ ಅಪ್ಪಳಿಸುವುದು ತಪ್ಪುತ್ತದೆ.

ಆಂಡ್ರಾಯ್ಡ್ ಪ್ಲೇಯರುಗಳ ಆಯುಷ್ಯದ ಕುರಿತು ಒಂದು ಎಚ್ಚರಿಕೆ ಅಗತ್ಯ. ಇವುಗಳಿಗೆ ಆಂಡ್ರಾಯ್ಡಿನ ಹೊಸ ಆವೃತ್ತಿ ಬರುವುದು ಅಪರೂಪ. ಕೆಲವು ವರ್ಷಗಳಾದ ಮೇಲೆ ಸ್ಟ್ರೀಮಿಂಗ್ ಆ್ಯಪ್‌ಗಳು ಹಳೆಯ ಆವೃತ್ತಿಯ ಮೇಲೆ ನಡೆಯುವುದನ್ನು ನಿಲ್ಲಿಸುತ್ತವೆ. ಕಾರ್ಡಿನಲ್ಲಿರುವ ಕಡತಗಳಿಗೆ ಆ ಭಯವಿಲ್ಲ. ಆನ್‌ಲೈನಿನಲ್ಲಿ ಕೊಂಡವರು ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಮೊದಲು ಕನ್ನಡದ ಹೆಸರುಗಳನ್ನು, ಟ್ರ್ಯಾಕುಗಳ ನಡುವಿನ ಹರಿವನ್ನು, ಹಿನ್ನೆಲೆಯ ಸದ್ದನ್ನು ನೋಡಿಬಿಡಬೇಕು, ಬ್ಯಾಟರಿಯನ್ನು ಒಮ್ಮೆ ಪೂರ್ತಿ ಖಾಲಿಯಾಗುವ ತನಕ ನಡೆಸಬೇಕು. ಹಳೆಯದನ್ನು ಬೇರೆಯವರಿಂದ ಕೊಳ್ಳುವುದಾದರೆ ಜಾಕಿನೊಳಗೆ ಪಿನ್ನನ್ನು ನಿಧಾನವಾಗಿ ತಿರುಗಿಸುತ್ತ ಎರಡೂ ಕಿವಿಗಳಲ್ಲಿ ಸದ್ದು ಕಡಿಯದೆ ಬರುತ್ತಿದೆಯೇ ಎಂದು ಕೇಳಬೇಕು, ಹಿಂಬದಿಯ ಮುಚ್ಚಳ ಉಬ್ಬಿದ್ದರೆ ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿದು ಅದನ್ನು ಅಲ್ಲಿಯೇ ಬಿಟ್ಟು ಬರಬೇಕು.